ಬ್ರಿಟಿಷ್ ಜನರಲ್ಲಿ ಸ್ತ್ರೀವಿದ್ಯೆ ಬೆಳೆದು ಬಂದ ಬಗೆ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಹಿರಿಯ ವಿದ್ಯಾರ್ಥಿನಿಯರಿಗೆ ಇಂಗ್ಲೆಂಡಿನ ಚರಿತ್ರೆಯು ಹೊಸದಲ್ಲ. ಆ ದೇಶದ ಅರಸರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಒಂದು ಕಾಲದಲ್ಲಿ ನಾವು ಬಾಯಿಪಾಠ ಮಾಡಿ ಒಪ್ಪಿಸಿದ್ದುಂಟು. ಆದರೆ ಆ ನಾಡಿನ ಹೆಣ್ಣುಮಕ್ಕಳು ಅಕ್ಷರ ಕಲಿತದ್ದು ಯಾವಾಗ, ಯಾರಿಂದ, ಎಷ್ಟು ಕಷ್ಟದಿಂದ ಎಂಬ ಸಂಗತಿಯು ಆ ಪಾಠಗಳಲ್ಲಿ ಇರಲಿಲ್ಲ. ಆದಕಾರಣ, ನಮ್ಮ ಹಿರಿಯರಿಗೆ ಓದು ಕಲಿಸಲು ಕಡಲು ದಾಟಿ ಬಂದ ಮಿಸ್ಸಮ್ಮನವರ ದೇಶದಲ್ಲಿ ಸ್ತ್ರೀವಿದ್ಯೆಯು ಮೊದಲಿನಿಂದಲೂ ಇದ್ದಿತೆಂದೂ, ಅಲ್ಲಿ ತುಂಬಿ ಮಿಕ್ಕದ್ದು ಇಲ್ಲಿಗೆ ಹರಿದು ಬಂದಿತೆಂದೂ ನಮ್ಮಲ್ಲಿ ಅನೇಕರು ಭಾವಿಸಿಕೊಂಡಿದ್ದೇವೆ. ಈ ಭಾವನೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇದಕ್ಕೆ ಒಳ್ಳೆಯ ಸಾಕ್ಷಿಯೊಂದುಂಟು. ೧೭೫೪ನೆಯ ಇಸವಿಯಿಂದ ಇಂಗ್ಲೆಂಡಿನಲ್ಲಿ ಮದುವೆಯಾಗುವ ವಧೂವರರು ದೇವಾಲಯದ ದಫ್ತರದಲ್ಲಿ ರುಜು ಹಾಕಬೇಕೆಂಬ ಕಾಯಿದೆಯು ಜಾರಿಗೆ ಬಂದಿತು. ಬರೆಯಲು ಬಾರದವರು, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ, ಅಲ್ಲಿ ಶಿಲುಬೆಯಾಕಾರದ ಗುರುತೊಂದನ್ನು ಹಾಕುತ್ತಿದ್ದರು. ಈ ದಫ್ತರಗಳನ್ನು ಎಣಿಸಿ ನೋಡಿದರೆ, ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ನೂರು ಮಂದಿ ವರರಲ್ಲಿ ಸುಮಾರು ೬೦ ಮಂದಿ ತಮ್ಮ ಹೆಸರು ಬರೆಯಬಲ್ಲವರಾಗಿದ್ದರು. ವಧುಗಳಲ್ಲಿ ಅಂಥವರು ೪೦ ಮಂದಿಯೂ ಇರಲಿಲ್ಲ. ೧೮೪೧ರಲ್ಲಿ, ಅಂದರೆ ವಿಕ್ಟೋರಿಯಾ ರಾಣಿಯು ಪಟ್ಟಕ್ಕೆ ಬಂದು ನಾಲ್ಕು ವರ್ಷಗಳಾದ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸ್ ಸೀಮೆಗಳಲ್ಲಿ ನೂರಕ್ಕೆ ೬೭ ಮಂದಿ ವರರೂ ೫೧ ಮಂದಿ ವಧುಗಳೂ ರುಜು ಹಾಕಿದರು. ಉಳಿದ ವಧುಗಳು, ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮದುವಣಗಿತ್ತಿಯರು, ಗುರುತು ಹಾಕಿಯೇ ಸಂಸಾರವನ್ನು ಪ್ರವೇಶಿಸಿದರು. ೧೯೦೦ರ ಹೊತ್ತಿಗೆ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಸುಮಾರು ೯೭ ಮಂದಿ ರುಜು ಹಾಕುವವರಾದರು. ಅರುವತ್ತು ವರ್ಷಗಳಲ್ಲಿ ಉಂಟಾದ ಈ ಮಾರ್ಪಾಟು ತಾನಾಗಿ ಆದುದಲ್ಲ. ಅದರ ಮೂಲವನ್ನು ತಿಳಿಯಬೇಕಾದರೆ ನಾವು ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಿಲ್ಡಾ ತಾಯಿಯ ಮಠ

ರೋಮನರು ಮುನ್ನೂರ ಅರುವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬ್ರಿಟನ್ನನ್ನು ಆಳಿ ಸುಮಾರು ೪೧೦ರಲ್ಲಿ ಹಿಂದಿರುಗಿದರು. ಬಳಿಕ ಆಂಗ್ಲರು, ಸ್ಯಾಕ್ಸನರು ಮೊದಲಾದ ಜನರು ಸಮುದ್ರದ ಆಚೆಯಿಂದ ಬಂದು ನೆಲೆಸಿದರು. ಇವರಲ್ಲಿ ಕ್ರೈಸ್ತಮತವು ಹರಡಿದ ಮೊದಲ ಶತಮಾನದಲ್ಲಿಯೇ ಹಿಲ್ಡಾ ಎಂಬ ಮಹಾಸ್ತ್ರೀಯು ಕಾಣಿಸಿಕೊಂಡಳು. ೬೧೪ರಲ್ಲಿ ನಾರ್ತಂಬ್ರಿಯದ ರಾಜವಂಶದಲ್ಲಿ ಹುಟ್ಟಿದ ಈಕೆಯು ೬೨೭ರಲ್ಲಿ ಎಡ್ವಿನ್ ಅರಸನೊಡನೆ ದೀಕ್ಷಾಸ್ನಾನ ಹೊಂದಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಸಂನ್ಯಾಸಿನಿಯಾದಳು. ೬೫೭ರಲ್ಲಿ ವಿಟ್ಬಿ ಎಂಬಲ್ಲಿ ಕಡಲ ದಂಡೆಯ ಗುಡ್ಡದ ಮೇಲೆ ಆಕೆಯು ಸ್ಥಾಪಿಸಿದ ಮಠದಲ್ಲಿ ಸ್ತ್ರೀಯರೂ ಪುರುಷರೂ ಬೇರೆ ಬೇರೆಯಾಗಿ ವಾಸಿಸುತ್ತಿದ್ದು, ಎಲ್ಲರೂ ಆಕೆಯ ಅಧಿಕಾರಕ್ಕೆ ಒಳಪಟ್ಟಿದ್ದರು. ಅಲ್ಲಿ ಕಲಿತವರಲ್ಲಿ ಐದು ಮಂದಿ ಮುಂದೆ ಬಿಷಪ್ಪರಾದರೆಂದು ೭೩೧ರಲ್ಲಿ ತನ್ನ ಚರಿತ್ರೆಯನ್ನು ಬರೆದು ಮುಗಿಸಿದ ಬೀಡ್ ಎಂಬ ಸಂನ್ಯಾಸಿಯು ತಿಳಿಸುತ್ತಾನೆ. ಆಕೆಯನ್ನು ಬಲ್ಲವರೆಲ್ಲರೂ ತಾಯಿ ಎಂದೇ ಕರೆಯುತ್ತಿದ್ದರಂತೆ.

ಆ ಮಠದ ದನಕಾಯುವವನಾದ ಕ್ಯಾಡ್ಮನ್ ಎಂಬುವನ ಕಥೆಯನ್ನು ಅದೇ ಗ್ರಂಥಕರ್ತನು ಹೇಳಿದ್ದಾನೆ. ಔತಣಗಳಲ್ಲಿ ಒಬ್ಬರಾದ ಮೇಲೊಬ್ಬರು ವೀಣೆ ಹಿಡಿದು ಹಾಡುವಾಗ, ತನ್ನ ಸರದಿ ಬರುವುದಕ್ಕೆ ಮುಂಚೆಯೇ ಆತನು ನಾಚಿ ಎದ್ದು ಹೋಗುತ್ತಿದ್ದನು. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಸೃಷ್ಟಿಯನ್ನು ಕುರಿತು ಹಾಡೆಂದು ಕನಸಿನಲ್ಲಿ ಅಪ್ಪಣೆಯಾಯಿತು. ಬೆಳಗಾದ ಮೇಲೆ ಆತನನ್ನು ಹಿಲ್ಡಾ ತಾಯಿಯ ಮುಂದೆ ನಿಲ್ಲಿಸಲು, ಆಕೆಯು ವಿದ್ವಾಂಸರಿಂದ ಅವನನ್ನು ಪರೀಕ್ಷಿಸಿ, ಅವನಿಗೆ ಸತ್ಯವೇದದ ಚರಿತ್ರೆಗಳನ್ನು ಹೇಳಿಕೊಡುವಂತೆ ಏರ್ಪಡಿಸಿದಳು. ಹೆಸರು ತಿಳಿದಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲನೆಯವನು ಈ ದನಗಾಹಿಯೇ. ಅವನಲ್ಲಿದ್ದ ವರವನ್ನು ಗುರುತಿಸಿ ಪೋಷಿಸಿದವಳು ಒಬ್ಬ ಸ್ತ್ರೀ ಎಂಬುದನ್ನು ನಾವು ಮರೆಯಬಾರದು.

ಹಿಲ್ಡಾ ೬೮೦ರಲ್ಲಿ ತೀರಿಕೊಂಡಳು. ಆಕೆಯ ಬಳಿಕವೂ ಇಂಗ್ಲೆಂಡಿನ ಕನ್ಯಾಮಠಗಳಲ್ಲಿ ವಿದ್ಯೆಯು ನಡೆದು ಬಂದಿತು. ಎಂಟನೆಯ ಶತಮಾನದಲ್ಲಿ ವಿಂಬೋರ್ನ್ ಮಠದಲ್ಲಿ ಲ್ಯಾಟಿನ್ ಕಲಿತ ಲಿಯೋಬಾ ಎಂಬಾಕೆಯು, ಬೊನಿಫಾಸ್ ಎಂಬ ಮಿಶನೆರಿಯ ಕೋರಿಕೆಯಂತೆ ಜರ್ಮನ್ ನಾಡಿಗೆ ಹೋಗಿ ಅಲ್ಲಿಯ ಹೆಣ್ಣುಮಕ್ಕಳಿಗೆ ಕಲಿಸಿದಳು. ಸಾವಿರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, ೧೮೩೪ರಲ್ಲಿ ನಮ್ಮ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಜರ್ಮನ್ ಭಾಷೆಯ ಜನರೇ. ಒಂದು ಕಾಲದಲ್ಲಿ ಕಲಿಯುವವರಾಗಿದ್ದ ಜನರು ಇನ್ನೊಂದು ಕಾಲದಲ್ಲಿ ಕಲಿಸುವವರಾಗುವುದು ಹೀಗೆ.

ಮುಚ್ಚಿದ ಬಾಗಿಲು

ಇಂಥ ಆರಂಭವು ಮುಂದುವರಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಒಂಬತ್ತನೆಯ ಶತಮಾನದಲ್ಲಿ ಉತ್ತರದ ಕಡಲುಗಳ್ಳರ ದಾಳಿಯಿಂದ ವಿಟ್ಬಿಯೂ ಅಂಥ ಇನ್ನೂ ಅನೇಕ ಮಠಗಳೂ ಹಾಳಾದವು. ಆ ಕೇಡುಗಾಲದಲ್ಲಿ ಬಾಲಕನಾಗಿದ್ದ ಆಲ್ಫ್ರೆಡ್ ಅರಸನಿಗೆ ಪುಸ್ತಕದ ಆಸೆಯನ್ನು ಹುಟ್ಟಿಸಿದವಳು ಅವನ ತಾಯಿ. ಬಣ್ಣದ ಅಕ್ಷರಗಳಿಂದ ಅಲಂಕೃತವಾದ ಇಂಗ್ಲಿಷ್ ಪದ್ಯಗಳ ಪುಸ್ತಕವೊಂದನ್ನು ಮಕ್ಕಳಿಗೆ ತೋರಿಸಿ, ಮೊದಲು ಕಲಿತವನಿಗೆ ಇದನ್ನು ಕೊಡುತ್ತೇನೆಂದು ಆಕೆಯು ಹೇಳಿದಳಂತೆ. ಎಲ್ಲರಿಗಿಂತ ಕಿರಿಯನಾದ ಆಲ್ಫ್ರೆಡನು ಕಲಿತು ಒಪ್ಪಿಸಿ ಅದನ್ನು ಪಡೆದನು. ಮುಂದೆ ಆತನು ೮೭೧ರಿಂದ ೮೯೯ರವರೆಗೆ ಆಳಿ, ಲ್ಯಾಟಿನ್ ಗ್ರಂಥಗಳನ್ನು ತನ್ನ ಜನರ ಭಾಷೆಗೆ ಪರಿವರ್ತಿಸಿದನು.

ಹನ್ನೆರಡನೆಯ ಶತಮಾನದಿಂದ ಆಕ್ಸ್‌ಫರ್ಡಿನಲ್ಲಿಯೂ ೧೨೦೯ರಿಂದ ಕೇಂಬ್ರಿಡ್ಜಿನಲ್ಲಿಯೂ ವಿಶ್ವವಿದ್ಯಾನಿಲಯಗಳು ಬೆಳೆದವು. ಅಲ್ಲಿಯ ವಿದ್ಯಾರ್ಥಿಗಳನ್ನು ಪಾದ್ರಿವರ್ಗಕ್ಕೆ ಸೇರಿದವರೆಂದು ಎಣಿಸುತ್ತಿದ್ದುದರಿಂದ ಸ್ತ್ರೀಯರಿಗೆ ಅಲ್ಲಿ ಸ್ಥಳವಿರಲಿಲ್ಲ. ವಿದ್ಯೆಯು ಮಠಗಳಿಂದ ಈ ಹೊಸ ಸ್ಥಾನಗಳಿಗೆ ಹೊರಟುಹೋದಾಗ ಹೆಣ್ಣುಮಕ್ಕಳು ಹಿಂದೆ ಉಳಿದರು. ಆದರೂ ೧೩೭೩ರಲ್ಲಿ ತನಗೆ ಉಂಟಾದ ದರ್ಶನಗಳನ್ನು ಕುರಿತು ನಾರಿಚ್ ಪಟ್ಟಣದ ಜೂಲಿಯನ್ ಎಂಬ ಏಕಾಂತವಾಸಿನಿಯು ಬರೆದ ಗ್ರಂಥವು, ಸ್ತ್ರೀಯಿಂದ ರಚಿತವಾದುದೆಂದು ತಿಳಿದಿರುವ ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲನೆಯದಾಗಿ ಉಳಿದು ಬಂದಿದೆ.

೧೪೯೬ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೇಂಬ್ರಿಡ್ಜಿನಲ್ಲಿ ಬಡತನದಿಂದ ಕ್ಷೀಣಿಸಿದ್ದ ಸಂತ ರಾಡೆಗುಂಡಳ ಕನ್ಯಾಮಠವನ್ನು ಬಿಷಪ್ ಜಾನ್ ಆಲ್ಕಾಕ್ ಎಂಬಾತನು ಮುಚ್ಚಿ, ಅದೇ ಕಟ್ಟಡಗಳಲ್ಲಿ, ಅದೇ ಆಸ್ತಿಯಿಂದ ಜೀಸಸ್ ಕಾಲೇಜನ್ನು ಸ್ಥಾಪಿಸಿದನು. ಸ್ತ್ರೀಯರದಾಗಿದ್ದ ಮನೆಯು ಪುರುಷರ ವಿದ್ಯಾಶಾಲೆಯಾಯಿತು. ೧೫೩೬ರಿಂದ ೧೫೪೦ರವರೆಗೆ ಎಂಟನೆಯ ಹೆನ್ರಿಯು ದೇಶದ ಮಠಗಳೆಲ್ಲವನ್ನೂ ಮುಚ್ಚಿಸಿದಾಗ, ಬಾಲಿಕೆಯರಿಗೆ ಅಲ್ಪಸ್ವಲ್ಪ ಓದು ಕಲಿಸುತ್ತಿದ್ದ ಕನ್ಯಾಮಠಗಳೂ ಇಲ್ಲದೆ ಹೋದವು. ಆಮೇಲೆ ಅನೇಕ ಊರುಗಳಲ್ಲಿ ಹೊಸ ಶಾಲೆಗಳು ಸ್ಥಾಪಿತವಾದುದು ನಿಜ, ಅವು ಗಂಡುಹುಡುಗರಿಗಾಗಿ. ಇದರಲ್ಲಿ ಯಾರಿಗೂ ದ್ವೇಷಬುದ್ಧಿ ಇದ್ದಂತೆ ತೋರುವುದಿಲ್ಲ. ಏರ್ಪಾಡು ಮಾಡಿದವರಿಗೆ ಹೆಣ್ಣುಮಕ್ಕಳ ನೆನಪೇ ಬರಲಿಲ್ಲ, ಅಷ್ಟೇ.

ಅದೇ ಕಾಲದಲ್ಲಿ ಸತ್ಯವೇದವು ಜನರ ಭಾಷೆಯಲ್ಲಿ ಅಚ್ಚಾಗಿ, ೧೫೩೯ರಲ್ಲಿ ದೇವಾಲಯಗಳಲ್ಲಿ ಇಡಲ್ಪಟ್ಟಿತು. ಈ ಮಹೋಪಕಾರವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ನಾಲ್ಕೇ ವರ್ಷಗಳೊಳಗೆ, ೧೫೪೩ರ ಕಾಯಿದೆಯೊಂದು ಸಾಮಾನ್ಯ ಸ್ತ್ರೀಯರು ಅದನ್ನು ಓದಕೂಡದೆಂದು ನಿಷೇಧಿಸಿ, ದೊಡ್ಡ ಮನೆತನದ ಸ್ತ್ರೀಯರು ಮಾತ್ರ ಏಕಾಂತವಾಗಿ ಓದಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟಿತು. ನಾಲ್ಕು ವರ್ಷಗಳ ಮೇಲೆ ಆ ಕಾಯಿದೆಯು ರದ್ದಾಯಿತು. ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಬಲ್ಲ ಎಲಿಜಬೆತ್ ರಾಣಿಯೂ, ಮನೆಯವರೆಲ್ಲ ಬೇಟೆಗೆ ಹೋಗಿದ್ದಾಗ ಒಬ್ಬಳೇ ಕುಳಿತು ಪ್ಲೇಟೋವಿನ ಗ್ರಂಥವನ್ನು ಗ್ರೀಕಿನಲ್ಲಿ ಓದುತ್ತಿದ್ದ ಲೇಡಿ ಜೇನ್ ಗ್ರೇ ಎಂಬ ಬಾಲೆಯೂ ಈ ಶತಮಾನಕ್ಕೆ ಸೇರಿದವರು. ಆದರೆ ಅರಮನೆಯ ನಾಲ್ಕು ದೀಪಗಳಿಂದ ಊರಿಗೆ ಬೆಳಕಾಗುವುದಿಲ್ಲ.

ಓದು ಬಂದಿತು, ಬರಹ ಬರಲಿಲ್ಲ

ಬಡವರ ಹೆಣ್ಣುಮಕ್ಕಳಿಗೆ ಓದು ದೊರಕಿದುದು ಬಹುಮಟ್ಟಿಗೆ ಭಕ್ತರ ಪ್ರಯತ್ನದಿಂದ. ವೇಲ್ಸ್ ಸೀಮೆಯಲ್ಲಿ ಗ್ರಿಫಿತ್ ಜೋನ್ಸ್ ಎಂಬ ಸಭಾಪಾಲಕರು ೧೭೩೧ರಿಂದ ಸಂಚಾರಿ ಶಾಲೆಗಳನ್ನು ಏರ್ಪಡಿಸಿದರು. ಉಪಾಧ್ಯಾಯರು ಒಂದು ಊರಿನಲ್ಲಿ ಸುಮಾರು ಮೂರು ತಿಂಗಳಿದ್ದು, ಹೊಲದ ಕೆಲಸ ಕಡಿಮೆಯಾಗುವ ಚಳಿಗಾಲದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಅವರ ತಾಯಿನುಡಿಯಾದ ವೆಲ್ಷ್ ಭಾಷೆಯಲ್ಲಿಯೇ ಓದು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ೧೭೬೧ರಲ್ಲಿ ಅವರು ತೀರಿಕೊಳ್ಳುವುದರೊಳಗಾಗಿ ಇಂಥ ಶಾಲೆಗಳು ಮೂರು ಸಾವಿರಕ್ಕೂ ಹೆಚ್ಚಾಗಿ ನಡೆದಿದ್ದವು. ಇದಕ್ಕೆ ಹಣವನ್ನೊದಗಿಸಿ, ಅವರ ಬಳಿಕ ತಾನೇ ಶಾಲೆಗಳನ್ನು ನಡೆಸಿದವಳು ಬ್ರಿಜೆಟ್ ಬೆವನ್ ಎಂಬ ಕುಲೀನ ಸ್ತ್ರೀ. ೧೭೭೯ರಲ್ಲಿ ಆಕೆಯು ತೀರಿಕೊಂಡಾಗ ಶಾಲೆಗಳಿಗೆಂದು ಹತ್ತು ಸಾವಿರ ಪೌಂಡುಗಳನ್ನು ಮರಣಶಾಸನದಲ್ಲಿ ಬರೆದಿಟ್ಟಿದ್ದಳು. ಬಂಧುಗಳು ವ್ಯಾಜ್ಯ ಹೂಡಿದ್ದರಿಂದ ಹಣವು ಬಹುಕಾಲ ನ್ಯಾಯಸ್ಥಾನದಲ್ಲಿ ಸಿಕ್ಕಿಕೊಂಡು ಶಾಲೆಗಳು ನಿಂತುಹೋದವು. ಒಳ್ಳೆಯ ಕೆಲಸವು ಮುಂದೆ ನೋಡಿಕೊಳ್ಳುವವರಿಲ್ಲದೆ ಹೇಗೆ ಕೆಡುವುದೆಂಬುದಕ್ಕೆ ಇದೊಂದು ದೃಷ್ಟಾಂತ.

ಥಾಮಸ್ ಚಾರ್ಲ್ಸ್ ಎಂಬವರು ಅಂಥ ಶಾಲೆಗಳನ್ನು ಪುನಃ ಆರಂಭಿಸಿದರು. ಅಲ್ಲಿ ಕಲಿತವಳೇ ನಮ್ಮ ಭಾನುವಾರದ ಶಾಲೆಯ ಮಕ್ಕಳೆಲ್ಲರೂ ಬಲ್ಲ ಮೇರಿ ಜೋನ್ಸ್. ಬಡ ನೇಕಾರನ ಮಗಳಾದ ಈಕೆಯು ಆರು ವರ್ಷ ಕಾಸಿಗೆ ಕಾಸು ಕೂಡಿಸಿ, ೧೮೦೦ರಲ್ಲಿ ಹದಿನೈದು ವರ್ಷದವಳಾಗಿದ್ದಾಗ, ತನ್ನ ನುಡಿಯ ಸತ್ಯವೇದವನ್ನು ಕೊಳ್ಳುವುದಕ್ಕಾಗಿ ಸುಮಾರು ೨೫ ಮೈಲಿಗಳ ದೂರದಲ್ಲಿದ್ದ ಬಾಲಾ ಎಂಬ ಊರಿಗೆ ನಡೆದು ಹೋದಳು. ೧೮೦೪ರಲ್ಲಿ ಬ್ರಿಟಿಷ್ ಮತ್ತು ಫಾರಿನ್ ಬೈಬಲ್ ಸೊಸೈಟಿಯು ಸ್ಥಾಪಿತವಾಗುವುದಕ್ಕೆ ಈ ಬಾಲಿಕೆಯ ಕಥೆಯೂ ಒಂದು ಪ್ರೇರಣೆಯಾಯಿತೆಂದು ಹೇಳುವರು. ಓದಲು ಬಲ್ಲ ಒಬ್ಬ ಬಡಹುಡುಗಿಯಿಂದ ಏನಾಗಬಹುದೆಂಬುದನ್ನು ನಾವು ಇಲ್ಲಿ ಕಾಣಬಹುದು.

ಇಂಗ್ಲೆಂಡಿನಲ್ಲಿ ೧೭೮೦ರಲ್ಲಿ ಗ್ಲಾಸ್ಟರ್ ಪಟ್ಟಣದ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾಕರ್ತನು ಭಾನುವಾರದ ಶಾಲೆಯನ್ನು ತೆರೆದನು. ೧೭೮೯ರಲ್ಲಿ ಹಾನಾ ಮೋರ್ ಎಂಬ ಲೇಖಕಿಯು ಚೆಡ್ಡರ್ ಗ್ರಾಮದಲ್ಲಿ ಬಡಮಕ್ಕಳಿಗೆ ಶಾಲೆಯಿಟ್ಟಳು. ಆದರೆ ಬಡವರಿಗೆ ಓದು ಸಾಕು, ಬರಹ ಬೇಡವೆಂಬುದು ಆಕೆಯ ನಿಯಮವಾಗಿತ್ತು. ಬರಹ ಕಲಿತವರು ತಮ್ಮ ಅಂತಸ್ತನ್ನು ಮೀರಿ ಹೋಗುವರೆಂಬ ಭಯವು ಆ ಕಾಲದ ಸಜ್ಜನರಲ್ಲಿಯೂ ಇದ್ದಿತು. ಹುಡುಗರು ಬರೆಯುವ ಹೊತ್ತಿನಲ್ಲಿ ಹುಡುಗಿಯರಿಗೆ ಹೊಲಿಗೆಯ ಕೆಲಸವಿರುತ್ತಿತ್ತು. ಮದುವೆಯ ದಫ್ತರದಲ್ಲಿ ನಾವು ಕಂಡ ಶಿಲುಬೆಯ ಗುರುತುಗಳಿಗೆ ಕಾರಣವು ಈಗ ತಿಳಿಯುತ್ತದೆ. ಆ ಗುರುತು ಹಾಕಿದ ವಧುಗಳಲ್ಲಿ ಸತ್ಯವೇದವನ್ನು ಓದಬಲ್ಲವರೂ ಇದ್ದಿರಬೇಕು. ತಮ್ಮ ಹೆಸರನ್ನು ಬರೆಯಲು ಅವರಿಗೆ ಯಾರೂ ಕಲಿಸಿರಲಿಲ್ಲ.

ಕಲಿಸುವವರು ಕಲಿತದ್ದು

ಮಧ್ಯಮ ವರ್ಗದವರ ಸ್ಥಿತಿಯು ಬೇರೊಂದು ವಿಧವಾಗಿತ್ತು. ಪಿಯಾನೊ ನುಡಿಸುವುದು, ಸ್ವಲ್ಪ ಫ್ರೆಂಚ್ ಮಾತು, ಚಿತ್ರ ಬರೆಯುವುದು, ಇಷ್ಟಿದ್ದರೆ ಮಗಳ ವಿದ್ಯೆಯು ಮುಗಿದಂತೆ. ೧೭೯೨ರಲ್ಲಿಯೇ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬಾಕೆಯು, ಸ್ತ್ರೀಗೂ ವಿವೇಕಶಕ್ತಿ ಇರುವುದರಿಂದ ಅದನ್ನು ಬೆಳೆಸುವ ವಿದ್ಯೆಯು ಆಕೆಗೂ ಸಲ್ಲಬೇಕೆಂದು ಗ್ರಂಥ ಬರೆದಳು. ಆ ಕಾಲದವರು ಬಹುಮಂದಿ ಅದಕ್ಕೆ ಕಿವಿಗೊಡಲಿಲ್ಲ.

ತಂದೆಯನ್ನು ಕಳೆದುಕೊಂಡ ಇಲ್ಲವೆ ಬಡತನಕ್ಕೆ ಬಿದ್ದ ಮರ್ಯಾದಸ್ಥ ಮನೆಯ ಮಗಳಿಗೆ, ಸಿರಿವಂತರ ಮನೆಯಲ್ಲಿದ್ದು ಅವರ ಮಕ್ಕಳಿಗೆ ಪಾಠ ಹೇಳುವುದೊಂದೇ ಜೀವನೋಪಾಯವಾಗಿತ್ತು. ಇವರಿಗೆ ಗವರ್ನೆಸ್ ಎಂದು ಹೆಸರು. ಷಾರ್ಲಟ್ ಬ್ರಾಂಟಿ ಎಂಬ ಕಾದಂಬರಿಕರ್ತೃವು ಸ್ವತಃ ಇಂಥ ಕೆಲಸದಲ್ಲಿದ್ದವಳು. ೧೮೪೭ರಲ್ಲಿ ತನ್ನ ಪುಸ್ತಕವನ್ನು ಸ್ತ್ರೀಯದೆಂದು ತಿಳಿಯದ ಹೆಸರಿನಿಂದ ಪ್ರಕಟಿಸಿದಳು. ಈ ಗವರ್ನೆಸ್‌ಗಳ ಕಷ್ಟಪರಿಹಾರಕ್ಕಾಗಿ ೧೮೪೩ರಲ್ಲಿ ಒಂದು ಧರ್ಮಸಂಸ್ಥೆಯು ಏರ್ಪಟ್ಟಿತು. ಅದರವರು ವಿಚಾರಿಸಿ ನೋಡಲಾಗಿ, ಕಲಿಸುವವರಿಗೇ ಕಲಿತ ವಿದ್ಯೆಯಿಲ್ಲವೆಂಬುದು ಸ್ಪಷ್ಟವಾಯಿತು. ಆದುದರಿಂದ ೧೮೪೮ರಲ್ಲಿ ಎಫ್. ಡಿ. ಮಾರಿಸ್ ಎಂಬ ಪಾದ್ರಿಯವರ ಮುಂದಾಳುತನದಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ಕ್ವೀನ್ಸ್ ಕಾಲೇಜು ಸ್ಥಾಪಿತವಾಯಿತು.

ಅಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲಿ ಇಬ್ಬರನ್ನು ವಿಶೇಷವಾಗಿ ಸ್ಮರಿಸಬೇಕು. ಫ್ರಾನ್ಸಿಸ್ ಮೇರಿ ಬಸ್ ಎಂಬಾಕೆಯು ಹಗಲೆಲ್ಲ ಪಾಠ ಹೇಳಿ ಸಾಯಂಕಾಲದ ತರಗತಿಗಳಲ್ಲಿ ತಾನು ಓದಿ, ೧೮೫೦ರಲ್ಲಿ ಉತ್ತರ ಲಂಡನ್ನಿನಲ್ಲಿ ಬಾಲಿಕಾ ಪಾಠಶಾಲೆಯನ್ನು ತೆರೆದಳು. ಡಾರತಿಯ ಬೀಲ್ ಎಂಬಾಕೆಯು ೧೮೫೮ರಿಂದ ೧೯೦೬ರಲ್ಲಿ ಮರಣ ಹೊಂದುವವರೆಗೆ ಚೆಲ್ಟನಮ್ ಊರಿನ ಲೇಡೀಸ್ ಕಾಲೇಜಿನ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಹೆಣ್ಣುಮಕ್ಕಳಿಗೆ ರೇಖಾಗಣಿತ ಹೇಳಿಕೊಟ್ಟರೆ ತಾಯಿತಂದೆಗಳು ಬೆದರಿ ಮಕ್ಕಳನ್ನು ಬಿಡಿಸಿಬಿಡುವರೆಂದು ಆಕೆಗೆ ತಿಳಿದಿತ್ತು. ಅದಕ್ಕಾಗಿ ಆಕೆಯು ಆತುರಪಡದೆ, ಪ್ರಕೃತಿ ಭೂಗೋಳವೆಂಬ ಹೆಸರಿನಲ್ಲಿ ವಿಜ್ಞಾನದ ಪಾಠಗಳನ್ನು ಆರಂಭಿಸಿದಳು. ಗಂಡುಹುಡುಗರ ಶಾಲೆಗಳಲ್ಲಿ ಆ ವಿಷಯವು ಅಪರೂಪವಾಗಿದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ! ಬಾಲಿಕೆಯರ ಶಾಲೆ ನಡೆಸಿದವರೆಲ್ಲರಿಗೂ ಈ ಜಾಣತನದ ಬೆಲೆ ಗೊತ್ತು.

ಲೆಕ್ಕದ ಪರೀಕ್ಷೆ

ಎಮಿಲಿ ಡೇವಿಸ್ ಎಂಬಾಕೆಯು ಪಾದ್ರಿಯೊಬ್ಬರ ಮಗಳು. ಅಣ್ಣತಮ್ಮಂದಿರು ಕೇಂಬ್ರಿಡ್ಜಿಗೆ ಹೋದರು; ಈಕೆ ಮನೆಯಲ್ಲಿ ಉಳಿದಳು. ಕೇಂಬ್ರಿಡ್ಜಿನವರು ಶಾಲಾ ಬಾಲಕರಿಗಾಗಿ ನಡೆಸುತ್ತಿದ್ದ ಪರೀಕ್ಷೆಗೆ ಬಾಲಿಕೆಯರೂ ಕುಳಿತುಕೊಳ್ಳಲೆಂದು ಆಕೆಯು ಕೇಳಿಕೊಂಡುದರಿಂದ, ೧೮೬೩ರಲ್ಲಿ ಪ್ರಾಯೋಗಿಕವಾಗಿ ಒಪ್ಪಿಗೆ ದೊರೆಯಿತು. ಸಿದ್ಧತೆಗೆ ಇದ್ದುದು ಕೇವಲ ಆರು ವಾರ. ಅನೇಕ ಬಾಲಿಕೆಯರು ಲೆಕ್ಕದಲ್ಲಿ ತೇರ್ಗಡೆಯಾಗಲಿಲ್ಲ. ಹೆಣ್ಣಿನ ಬುದ್ಧಿಗೆ ಗಣಿತವು ನಿಲುಕದೆಂದು ಹೇಳುವವರಿಗೆ ಇದು ಸಾಕಾಗಿತ್ತು. ಆದರೆ ಉಪಾಧ್ಯಾಯಿನಿಯರು ಬುದ್ಧಿಯನ್ನು ನಿಂದಿಸದೆ ಬೋಧನೆಯ ಕ್ರಮವನ್ನು ತಿದ್ದಿದರು. ೧೮೬೫ರಲ್ಲಿ ಆ ಪರೀಕ್ಷೆಯು ಬಾಲಿಕೆಯರಿಗೆ ಕ್ರಮವಾಗಿ ತೆರೆಯಿತು.

೧೮೬೯ರಲ್ಲಿ ಹಿಚಿನ್ ಊರಿನ ಒಂದು ಬಾಡಿಗೆ ಮನೆಯಲ್ಲಿ ಐದು ಮಂದಿ ವಿದ್ಯಾರ್ಥಿನಿಯರೊಡನೆ ಎಮಿಲಿ ಡೇವಿಸಳು ಕಾಲೇಜನ್ನು ಆರಂಭಿಸಿದಳು. ೧೮೭೩ರಲ್ಲಿ ಅದು ಕೇಂಬ್ರಿಡ್ಜಿನ ಹತ್ತಿರ ಗರ್ಟನ್ ಗ್ರಾಮಕ್ಕೆ ಬಂದು ಗರ್ಟನ್ ಕಾಲೇಜಾಯಿತು. ೧೮೮೦ರಲ್ಲಿ ಅಲ್ಲಿಯ ಷಾರ್ಲಟ್ ಸ್ಕಾಟ್ ಎಂಬ ವಿದ್ಯಾರ್ಥಿನಿಯು ಗಣಿತದ ಗೌರವಪರೀಕ್ಷೆಯಲ್ಲಿ ಎಂಟನೆಯ ಸ್ಥಾನಕ್ಕೆ ಸರಿಯಾಗಿ ಉತ್ತರಿಸಿದಳು. ೧೮೯೦ರಲ್ಲಿ ನ್ಯೂನಮ್ ಕಾಲೇಜಿನ ಫಿಲಿಪ್ಪಾ ಫಾಸೆಟ್ ಎಂಬಾಕೆಯು ಅದೇ ಪರೀಕ್ಷೆಯಲ್ಲಿ ಪುರುಷರೆಲ್ಲರಲ್ಲಿ ಮೊದಲನೆಯವನಿಗಿಂತಲೂ ಹೆಚ್ಚು ಅಂಕಗಳನ್ನು ಗಳಿಸಿದಳು. ಈಕೆಯ ತಂದೆಯಾದ ಹೆನ್ರಿ ಫಾಸೆಟ್ ಕಣ್ಣು ಕಾಣದವರಾಗಿದ್ದರೂ ಪಾರ್ಲಿಮೆಂಟಿನಲ್ಲಿ ಭಾರತದ ಪರವಾಗಿ ವಾದಿಸಿ ಪ್ರಸಿದ್ಧರಾದವರು. ಲೆಕ್ಕದಲ್ಲಿ ಸೋತ ಬಾಲಿಕೆಯರಿಂದ ಈ ಜಯದವರೆಗೆ ಕಳೆದುದು ಇಪ್ಪತ್ತೇಳು ವರ್ಷಗಳು ಮಾತ್ರ.

ಆದರೂ ಫಿಲಿಪ್ಪಾ ಫಾಸೆಟಳಿಗೆ ಪದವಿ ದೊರೆಯಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯವು ೧೮೭೮ರಲ್ಲಿಯೇ ಸ್ತ್ರೀಯರಿಗೆ ಪದವಿಗಳನ್ನು ತೆರೆದಿತ್ತು. ಆದರೆ ಕೇಂಬ್ರಿಡ್ಜಿನ ಸದಸ್ಯರು ೧೮೯೭ರಲ್ಲಿ ಮತ ಹಾಕಿ ಆ ಬೇಡಿಕೆಯನ್ನು ತಳ್ಳಿಹಾಕಿದರು. ೧೯೨೦ರಲ್ಲಿ ಆಕ್ಸ್‌ಫರ್ಡ್ ಒಪ್ಪಿಕೊಂಡಿತು. ೧೯೨೧ರಲ್ಲಿ ಕೇಂಬ್ರಿಡ್ಜ್ ಮತ್ತೆ ನಿರಾಕರಿಸಿದಾಗ, ವಿದ್ಯಾರ್ಥಿಗಳ ಗುಂಪೊಂದು ನ್ಯೂನಮ್ ಕಾಲೇಜಿನ ಕಂಚಿನ ಬಾಗಿಲುಗಳನ್ನು ಜಖಂಗೊಳಿಸಿತು. ಸ್ತ್ರೀಯರಿಗೆ ಅಲ್ಲಿ ಪೂರ್ಣ ಪದವಿಯ ಹಕ್ಕು ಬಂದುದು ೧೯೪೮ರಲ್ಲಿ. ನಮ್ಮ ದೇಶವು ಸ್ವತಂತ್ರವಾದ ಮರುವರ್ಷವೆಂದರೆ ವಾಚಕರಿಗೆ ಸುಲಭವಾಗಿ ನೆನಪಿನಲ್ಲಿ ಉಳಿದೀತು.

ಇತ್ತ ಬಡವರ ಮಕ್ಕಳಿಗಾಗಿ ೧೮೭೦ರ ಕಾಯಿದೆಯಿಂದ ಊರೂರಿಗೆ ಶಾಲೆಗಳಾದವು. ೧೮೮೦ರಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. ೧೮೯೧ರಿಂದ ಬಹುತೇಕ ಶಾಲೆಗಳಲ್ಲಿ ಫೀಜು ಇಲ್ಲವಾಯಿತು. ಮದುವೆಯ ದಫ್ತರದ ಗುರುತುಗಳು ಮಾಯವಾದುದು ಹೀಗೆ.

ನಮ್ಮ ನಾಡಿಗೆ ಬಂದ ದಾರಿ

ಈಗ ನಮ್ಮ ಕಡೆಗೆ ತಿರುಗೋಣ. ೧೮೮೩ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯವು ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಎಂಬ ಇಬ್ಬರು ಸ್ತ್ರೀಯರಿಗೆ ಬಿ.ಎ. ಪದವಿಯನ್ನು ಕೊಟ್ಟಿತು. ಇವರಲ್ಲಿ ಚಂದ್ರಮುಖಿಯು ಕ್ರೈಸ್ತ ಕುಟುಂಬದವಳು. ಆಕ್ಸ್‌ಫರ್ಡ್ ಇದನ್ನು ಮಾಡಿದುದು ಮೂವತ್ತೇಳು ವರ್ಷಗಳ ಬಳಿಕ, ಕೇಂಬ್ರಿಡ್ಜ್ ಮಾಡಿದುದು ಅರುವತ್ತೈದು ವರ್ಷಗಳ ಬಳಿಕ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ೧೮೮೧ರಲ್ಲಿಯೇ ಆರಂಭವಾಗಿತ್ತು. ತುಂಬಿದ ಕೆರೆಯಿಂದ ಕೋಡಿ ಹರಿದಂತೆ ಅಲ್ಲಿಂದ ಇಲ್ಲಿಗೆ ವಿದ್ಯೆ ಬಂದಿತೆಂಬ ಭಾವನೆಯು ಪೂರ್ಣವಾಗಿ ನಿಜವಲ್ಲವೆಂದು ಇದರಿಂದ ತಿಳಿಯುತ್ತದೆ. ಎರಡು ದೇಶಗಳಲ್ಲಿಯೂ ಒಂದೇ ಕಾಲದಲ್ಲಿ, ಒಂದೇ ವಿಧವಾದ ಆಕ್ಷೇಪಗಳನ್ನು ಎದುರಿಸಿ, ಹೆಣ್ಣುಮಕ್ಕಳು ಓದಿದರು.

ಆದರೆ ಅಲ್ಲಿಂದ ಬಂದವರ ಋಣವನ್ನು ನಾವು ಮರೆಯುವಂತಿಲ್ಲ. ಗರ್ಟನ್ನಿನ ಮೊದಮೊದಲಿನ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಕಾನ್‌ಸ್ಟನ್ಸ್ ಮೇನಾರ್ಡ್ ಎಂಬಾಕೆಯು ೧೮೮೨ರಲ್ಲಿ ಲಂಡನ್ನಿನಲ್ಲಿ ವೆಸ್ಟ್‌ಫೀಲ್ಡ್ ಕಾಲೇಜನ್ನು ನಡೆಸಲಾರಂಭಿಸಿದಳು. ಅಲ್ಲಿ ಅಧ್ಯಾಪಕಿಯಾಗಿದ್ದ ಎಲಿನರ್ ಮೆಕ್‌ಡೂಗಲ್ ಎಂಬವರು ಮದರಾಸಿಗೆ ಬಂದು, ೧೯೧೫ರಲ್ಲಿ ಸ್ಥಾಪಿತವಾದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಮೊದಲ ಪ್ರಿನ್ಸಿಪಾಲರಾದರು. ಹಿಚಿನ್ ಊರಿನ ಬಾಡಿಗೆ ಮನೆಯಲ್ಲಿ ಐವರು ಕುಳಿತು ಓದಿದುದರ ಫಲವು ನಲವತ್ತಾರು ವರ್ಷಗಳಲ್ಲಿ ದಕ್ಷಿಣ ಭಾರತದ ಹೆಣ್ಣುಮಕ್ಕಳ ಮನೆಬಾಗಿಲಿಗೆ ಬಂದಿತು. ಹಾಗೆ ಬಂದವರು ತುಂಬಿದ ನಾಡಿನಿಂದ ಬಂದವರಲ್ಲ. ತಮಗೇ ಬಾಗಿಲು ಪೂರ್ಣವಾಗಿ ತೆರೆಯದಿದ್ದ ನಾಡಿನಿಂದ ಬಂದವರು. ಆದುದರಿಂದಲೇ ನಮ್ಮ ಗೌರವವು ಇನ್ನೂ ಹೆಚ್ಚಾಗಬೇಕು.

೧೮೯೩ರಲ್ಲಿ ಡಾರತಿಯ ಬೀಲ್ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರಿಗಾಗಿ ಒಂದು ವಿದ್ಯಾನಿಲಯವನ್ನು ಸ್ಥಾಪಿಸಿದಳು. ಅದಕ್ಕೆ ಹನ್ನೆರಡು ಶತಮಾನಗಳ ಹಿಂದಿನ ವಿಟ್ಬಿಯ ಹಿಲ್ಡಾ ತಾಯಿಯ ಹೆಸರನ್ನಿಟ್ಟರು. ಮುರಿದುಹೋದ ಎಳೆಯನ್ನು ಹುಡುಕಿ ಮತ್ತೆ ಗಂಟು ಹಾಕಿದಂತಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇದು. ಸ್ತ್ರೀವಿದ್ಯೆಯು ಯಾವ ಜನಾಂಗದ ಸ್ವಭಾವಸಿದ್ಧ ಗುಣವೂ ಅಲ್ಲ. ಒಮ್ಮೆ ದೊರೆತರೆ ಶಾಶ್ವತವಾಗಿ ಉಳಿಯುವ ಸೊತ್ತೂ ಅಲ್ಲ. ವಿಟ್ಬಿಯಲ್ಲಿ ಅದು ಶತ್ರುಗಳಿಂದ ಕೆಟ್ಟಿತು, ಕೇಂಬ್ರಿಡ್ಜಿನ ಕನ್ಯಾಮಠದಲ್ಲಿ ಬಡತನದಿಂದ, ವೇಲ್ಸಿನಲ್ಲಿ ವ್ಯಾಜ್ಯದಿಂದ. ಇನ್ನೂ ಎಷ್ಟೋ ಕಡೆ ಬರಿಯ ಮರೆವಿನಿಂದ ಕೆಟ್ಟಿತು. ಇಂದಿಗೂ ನಮ್ಮಲ್ಲಿ, ಹತ್ತನೆಯ ತರಗತಿ ಮುಗಿಯಿತು, ಇನ್ನು ಸಾಕು ಎಂದು ಮಗಳನ್ನು ಬಿಡಿಸಿ ಮಗನನ್ನು ಮಾತ್ರ ಮುಂದೆ ಕಳುಹಿಸುವ ಮನೆಗಳುಂಟು. ಆ ತಾಯಿತಂದೆಗಳಿಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದು ನಾವು ಹೇಳುವುದಿಲ್ಲ. ಎಮಿಲಿ ಡೇವಿಸಳ ತಂದೆಗೂ ಪ್ರೀತಿಯಿರಲಿಲ್ಲವೆಂದು ಹೇಳಲಾಗದು. ಆದರೆ ಮನೆಯಲ್ಲಿ ಉಳಿದ ಆ ಮಗಳ ಮನಸ್ಸಿನ ನೋವು ಎಂಥದಿರಬಹುದೆಂದು ಅವರು ಒಮ್ಮೆ ಯೋಚಿಸಬೇಕೆಂದು ಬೇಡುತ್ತೇವೆ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮ ಮನೆಯ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡಿರಿ. ಎಲ್ಲಿಯಾದರೂ ಅಜ್ಜಿಯ ಅಥವಾ ಮುತ್ತಜ್ಜಿಯ ಹೆಬ್ಬೆಟ್ಟಿನ ಗುರುತು ಕಂಡರೆ ನಾಚಿಕೊಳ್ಳಬೇಡಿರಿ. ಒಂದು ಕಾಲದಲ್ಲಿ ಇಂಗ್ಲೆಂಡಿನ ದಫ್ತರಗಳಲ್ಲಿಯೂ ಅಂಥ ಗುರುತುಗಳು ಲಕ್ಷಗಟ್ಟಲೆ ಇದ್ದವು. ಅದರ ಪಕ್ಕದಲ್ಲಿ ನೀವು ನಿಮ್ಮ ಹೆಸರನ್ನು ಬರೆಯಬಲ್ಲಿರಾದರೆ, ನಡುವೆ ಯಾರೋ ಒಬ್ಬರು ನಿಮಗಾಗಿ ಒಂದು ಬಾಗಿಲನ್ನು ತೆರೆದು ಹಿಡಿದಿದ್ದರೆಂದು ತಿಳಿಯಿರಿ. ಆ ಬಾಗಿಲನ್ನು ನಮ್ಮ ಹಿಂದೆ ಬರುವವರಿಗಾಗಿ ಹಿಡಿದು ನಿಲ್ಲುವ ಶಕ್ತಿಯನ್ನು ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.